ಎಷ್ಟು ಸಲ, ಎಷ್ಟು ದಿನಕ್ಕೊಮ್ಮೆ: ಕನ್ನಡದಿಂದ ನೇರ ಸ್ಪ್ಯಾನಿಷ್‌ಗೆ

(ಬೆಂಗಳೂರಿನ ಬಸವನಗುಡಿಯಲ್ಲಿ, ಹೊಸ ಭಾಷೆ ಕಲಿಯುವವರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಹೊಸ ಭಾಷೆಯಲ್ಲಿ ಮೊದಲು ಹೆಸರು ಹೇಳೋದು ಕಲಿಯುತ್ತೇವೆ. ಆಮೇಲೆ ಊರು, ಕೆಲಸ. ಅಷ್ಟಾದ ಮೇಲೆ ಎದುರಿಗಿರುವವರು ಏನು ಕೇಳುತ್ತಾರೆ? ಬಿಡುವಿದ್ದಾಗ ಏನು ಮಾಡ್ತೀರಿ, ಸಿನಿಮಾ ನೋಡ್ತೀರಾ, ಮನೇಲಿ ಅಡುಗೆ ಮಾಡ್ತೀರಾ ಅಂತ. ಇದಕ್ಕೆ ‘ಹೌದು’ ಅಥವಾ ‘ಇಲ್ಲ’ ಅಂದುಬಿಟ್ಟರೆ ಮಾತು ಅಲ್ಲೇ ನಿಲ್ಲುತ್ತದೆ. ‘ಯಾವಾಗಲೋ ಒಮ್ಮೆ’, ‘ವಾರಕ್ಕೆ ಎರಡು ಸಲ’, ‘ಮೊದಲು ದಿನಾ ಮಾಡ್ತಿದ್ದೆ, ಈಗ ಇಲ್ಲ’ ಅಂದರೆ ಮಾತು ಬೆಳೆಯುತ್ತದೆ. ಒಬ್ಬ ಮನುಷ್ಯ ಏನನ್ನು ಎಷ್ಟು ಸಲ ಮಾಡುತ್ತಾನೆ ಅನ್ನೋದು ಗೊತ್ತಾದಾಗಲೇ ಅವನ ಬದುಕು ನಮಗೆ ಸ್ವಲ್ಪ ಕಾಣಿಸೋದು. ಅದಕ್ಕೇ ಇವತ್ತು ಈ ಒಂದೇ ವಿಷಯ ಹಿಡಿದುಕೊಂಡಿದ್ದೇನೆ: ಸ್ಪ್ಯಾನಿಷ್‌ನಲ್ಲಿ ‘ಎಷ್ಟು ಸಲ’ ಅಂತ ಹೇಳುವುದು ಹೇಗೆ.

ಇದನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿಯಬೇಕು ಅನ್ನುವವರು ಜಾಸ್ತಿ ಆಗಿದ್ದಾರೆ. ಕೆಲಸಕ್ಕೆ ಬೇಕು, ಓದಿಗೆ ಬೇಕು, ಕೆಲವರಿಗೆ ಸುಮ್ನೆ ಇಷ್ಟ. 20 ದೇಶಗಳಲ್ಲಿ ಅಧಿಕೃತವಾಗಿರುವ ಭಾಷೆ, ಕಲಿತರೆ ಉಪಯೋಗ ಇದ್ದೇ ಇದೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರು ಬಂದು ‘ನನ್ನ ಇಂಗ್ಲಿಷೇ ಸರಿ ಇಲ್ಲ, ಸ್ಪ್ಯಾನಿಷ್ ಹೇಗೆ ಕಲೀಲಿ’ ಅಂತ ಕೇಳುತ್ತಾರೆ. ಇದು ನನಗೆ ತುಂಬಾ ನೋವು ಕೊಡುವ ಪ್ರಶ್ನೆ. ನಮ್ಮ ಕೈಗೆ ಸಿಗುವ ಪುಸ್ತಕ, ಆ್ಯಪ್ ಬಹುತೇಕ ಇಂಗ್ಲಿಷ್ ಮೂಲಕವೇ ಕಲಿಸುತ್ತವೆ, ನಿಜ. ಅದರಿಂದ ಇಂಗ್ಲಿಷ್ ದಾಟದೆ ಸ್ಪ್ಯಾನಿಷ್ ಮುಟ್ಟಲು ಆಗುವುದಿಲ್ಲ ಅನ್ನಿಸಿಬಿಡುತ್ತದೆ. ಇವತ್ತಿನ ವಿಷಯದಲ್ಲಂತೂ ಅದು ಸುಳ್ಳು. ‘ಎಷ್ಟು ಸಲ’ ಅನ್ನೋ ಮಾತಿನಲ್ಲಿ ಸ್ಪ್ಯಾನಿಷ್‌ಗೆ ಇಂಗ್ಲಿಷ್‌ಗಿಂತ ಕನ್ನಡವೇ ಹತ್ತಿರ. ಒಂದೊಂದಾಗಿ ತೋರಿಸುತ್ತೇನೆ.

ಸ್ಪ್ಯಾನಿಷ್ ಮಾತುಗಳನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ಅದರ ತ, ದ ನಮ್ಮ ತ, ದಗಳ ಹಾಗೆಯೇ. ಸ್ವರಗಳೂ ಐದೇ, ಬರೆದ ಹಾಗೆ ಓದಿದರೆ ಆಯಿತು. ಬರವಣಿಗೆಯಲ್ಲಿ ‘ವಿ’ ಅಕ್ಷರ ಇದ್ದಲ್ಲಿ ಬಾಯಲ್ಲಿ ‘ಬ’ ಬರುತ್ತದೆ. ಸ್ಪೇನಿನ ಬಹುಭಾಗದಲ್ಲಿ ‘ಸ’ ಬದಲು ನಾಲಿಗೆ ಹಲ್ಲಿಗೆ ತಾಗಿಸಿ ‘ಥ’ದಂತೆ ಹೇಳುವ ಕೆಲವು ಅಕ್ಷರಗಳಿವೆ. ಲ್ಯಾಟಿನ್ ಅಮೆರಿಕದಲ್ಲಿ ಅವು ‘ಸ’ ಆಗಿಯೇ ಇರುತ್ತವೆ. ನಾನು ‘ಸ’ ಬಳಸುತ್ತೇನೆ.

ಬಸ್ ಸ್ಟಾಪಿನಿಂದ ಶುರು ಮಾಡೋಣ. ಮೆಜೆಸ್ಟಿಕ್‌ನಲ್ಲಿ ನಿಂತು ನಾವು ಕೇಳುವುದು ಹೇಗೆ? ‘ಎಷ್ಟೊತ್ತಿಗೊಂದು ಬಸ್ಸು?’ ಸ್ಪ್ಯಾನಿಷ್‌ನವರೂ ಹಾಗೇ ಕೇಳುತ್ತಾರೆ: ‘ಕಾದಾ ಕ್ವಾಂತೊ ಪಾಸಾ ಎಲ್ ಔತೊಬುಸ್?’ ಕ್ವಾಂತೊ ಅಂದರೆ ಎಷ್ಟು. ಕಾದಾ ಅಂದರೆ ಪ್ರತಿ, ಅಂದರೆ ನಮ್ಮ ‘ಗೊಂದು’, ‘ಗೊಮ್ಮೆ’ ಮಾಡುವ ಕೆಲಸ. ಉತ್ತರವೂ ಅದೇ ಅಚ್ಚಿನಲ್ಲಿ ಬರುತ್ತದೆ. ಹತ್ತು ನಿಮಿಷಕ್ಕೊಂದು, ‘ಕಾದಾ ದಿಯೆಸ್ ಮಿನೂತೊಸ್’. ಎರಡು ದಿನಕ್ಕೊಮ್ಮೆ, ‘ಕಾದಾ ದೊಸ್ ದೀಯಾಸ್’. ಪುಸ್ತಕಗಳು ಮೊದಲು ಕಲಿಸುವುದು ‘ಕೊನ್ ಕೆ ಫ್ರೆಕ್ವೆನ್ಸಿಯಾ’ ಅನ್ನುವ ಉದ್ದ ಪ್ರಶ್ನೆಯನ್ನು. ಅದು ತಪ್ಪಲ್ಲ, ಆದರೆ ಡಾಕ್ಟರು ಕೇಳಿದ ಹಾಗೆ, ಫಾರ್ಮಿನಲ್ಲಿ ಅಚ್ಚಾದ ಹಾಗೆ ಇರುತ್ತದೆ. ಬೀದಿಯಲ್ಲಿ ಕೇಳಿಸುವುದು ‘ಕಾದಾ ಕ್ವಾಂತೊ’.

ದಿನ ಬಿಟ್ಟು ದಿನ ಅನ್ನಬೇಕಾದರೆ? ‘ಉನ್ ದೀಯಾ ಸಿ ಇ ಓತ್ರೊ ನೊ’. ಒಂದು ದಿನ ಹೌದು, ಇನ್ನೊಂದು ದಿನ ಇಲ್ಲ. ಅರ್ಜೆಂಟೀನಾ, ಚಿಲಿ ಕಡೆ ‘ದೀಯಾ ಪೊರ್ ಮೆದಿಯೊ’ ಅನ್ನುತ್ತಾರೆ, ನಡುವೆ ಒಂದು ದಿನ ಬಿಟ್ಟು ಅನ್ನುವ ಭಾವ. ಕೇಳಿದ ತಕ್ಷಣ ಮನಸ್ಸಿಗೆ ಇಳಿಯುತ್ತದೆ, ಅಲ್ವಾ?

ಈಗ ‘ದಿನಕ್ಕೆ ಮೂರು ಸಲ’ ನೋಡಿ. ‘ತ್ರೆಸ್ ಬೆಸೆಸ್ ಅಲ್ ದೀಯಾ’. ಈ ‘ಅಲ್’ ಒಳಗೆ ಎರಡು ಮಾತು ಸೇರಿವೆ, ‘ಆ’ ಮತ್ತು ‘ಎಲ್’. ಅದರಲ್ಲಿ ‘ಆ’ ಅನ್ನೋದು ನಮ್ಮ ‘ಗೆ, ಕ್ಕೆ’. ಮನೆಗೆ ಹೋಗು ಅನ್ನುವಾಗ ಬರುವ ಅದೇ ‘ಗೆ’. ವಾರಕ್ಕೆ ಒಂದು ಸಲ, ‘ಉನಾ ಬೆಸ್ ಆ ಲಾ ಸೆಮಾನಾ’. ವರ್ಷಕ್ಕೆ ಎರಡು ಸಲ, ‘ದೊಸ್ ಬೆಸೆಸ್ ಅಲ್ ಆನ್ಯೊ’. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಜನವರಿಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ, ‘ದೊಸ್ ಬೆಸೆಸ್ ಅಲ್ ಆನ್ಯೊ’. ಇಲ್ಲೇ ಪಕ್ಕದಲ್ಲಿ ನಡೆಯುವ ಕಡಲೆಕಾಯಿ ಪರಿಷೆ ‘ಉನಾ ಬೆಸ್ ಅಲ್ ಆನ್ಯೊ’. ಕಲಿಯುವವರು ಬಹಳ ಮಂದಿ ಇಲ್ಲಿ ‘ಆ’ ಬಿಟ್ಟುಬಿಡುತ್ತಾರೆ, ಏಕೆಂದರೆ ಇಂಗ್ಲಿಷ್ ವಾಕ್ಯ ತಲೆಯಲ್ಲಿ ಓಡುತ್ತಿರುತ್ತದೆ. ‘ದಿನಕ್ಕೆ’ ಅಂತ ಯೋಚಿಸಿದವರು ಬಿಡುವುದಿಲ್ಲ.

‘ಬೆಸ್’ ಬಗ್ಗೆ ಒಂದು ಮಾತು. ಬೆಸ್ ಅಂದರೆ ಸಲ, ಬಾರಿ. ಸಮಯಕ್ಕೆ ‘ತ್ಯೆಂಪೊ’ ಅನ್ನುತ್ತಾರೆ. ಗಂಟೆಗೆ ‘ಓರಾ’. ಮೂರಕ್ಕೂ ಇಂಗ್ಲಿಷಿನಲ್ಲಿ ‘ಟೈಮ್’ ಅಂತ ಹೇಳಿಬಿಡಬಹುದು. ಅದಕ್ಕೇ ಇಂಗ್ಲಿಷ್ ಮೂಲಕ ಬಂದವರು ‘ತ್ರೆಸ್ ತ್ಯೆಂಪೊಸ್’ ಅಂದುಬಿಡುತ್ತಾರೆ, ‘ಮೂರು ಸಮಯಗಳು’ ಅಂದ ಹಾಗೆ. ಕನ್ನಡದಲ್ಲಿ ಸಲ ಬೇರೆ, ಸಮಯ ಬೇರೆ, ಗಂಟೆ ಬೇರೆ. ನಮಗೆ ಗೊಂದಲ ಆಗಬೇಕಾದ ಕಾರಣವೇ ಇಲ್ಲ.

ನನಗೆ ತುಂಬಾ ಇಷ್ಟವಾದ ಒಂದು ಹೋಲಿಕೆ ಇದೆ. ಎರಡು ವಾರಕ್ಕೊಮ್ಮೆ ಅನ್ನೋದಕ್ಕೆ ನಮ್ಮ ಮನೆಗಳಲ್ಲಿ ಏನನ್ನುತ್ತೇವೆ? ‘ಹದಿನೈದು ದಿನಕ್ಕೊಮ್ಮೆ’. ಲೆಕ್ಕ ಹಾಕಿದರೆ ಎರಡು ವಾರಕ್ಕೆ ಹದಿನಾಲ್ಕೇ ದಿನ. ಆದರೂ ಹದಿನೈದು ಅನ್ನುತ್ತೇವೆ. ಸ್ಪ್ಯಾನಿಷ್‌ನವರೂ ‘ಕಾದಾ ಕಿನ್ಸೆ ದೀಯಾಸ್’ ಅನ್ನುತ್ತಾರೆ. ಕಿನ್ಸೆ ಅಂದರೆ ಹದಿನೈದು! ವಾರಕ್ಕೂ ಅಷ್ಟೇ. ‘ಎಂಟು ದಿನ ಬಿಟ್ಟು ಬನ್ನಿ’ ಅಂತ ನಾವು ಹೇಳುವಂತೆ ಅವರು ‘ದೆಂತ್ರೊ ದೆ ಓಚೊ ದೀಯಾಸ್’ ಅನ್ನುತ್ತಾರೆ, ಇನ್ನು ಎಂಟು ದಿನಕ್ಕೆ ಅಂತ. ಇವತ್ತನ್ನೂ ಸೇರಿಸಿ ಎಣಿಸುವ ಲೆಕ್ಕ ಅದು. ಇಂಥದ್ದನ್ನು ಇಂಗ್ಲಿಷ್ ಪುಸ್ತಕ ವಿಚಿತ್ರ ಅನ್ನುವಂತೆ ವಿವರಿಸುತ್ತದೆ. ನಮಗೆ ಅದರಲ್ಲಿ ವಿಚಿತ್ರ ಏನೂ ಇಲ್ಲ.

ವಾರದ ದಿನಗಳು ಹೇಗೂ ಸುಲಭ. ಲೂನೆಸ್, ಮಾರ್ತೆಸ್, ಮ್ಯೆರ್ಕೊಲೆಸ್, ಹ್ವೆಬೆಸ್, ಬ್ಯೆರ್ನೆಸ್. ಲೂನೆಸ್ ಬಂದಿದ್ದು ಚಂದ್ರನಿಂದ, ನಮ್ಮ ಸೋಮವಾರ. ಮಾರ್ತೆಸ್ ಮಂಗಳ, ಮ್ಯೆರ್ಕೊಲೆಸ್ ಬುಧ, ಹ್ವೆಬೆಸ್ ಗುರು, ಬ್ಯೆರ್ನೆಸ್ ಶುಕ್ರ. ಐದೂ ಅದೇ ಗ್ರಹ, ಅದೇ ಸಾಲು. ಸಾಬದೊ, ದೊಮಿಂಗೊ ಮಾತ್ರ ಧರ್ಮದ ಕಡೆಯಿಂದ ಬಂದವು, ಅವನ್ನು ಬೇರೆಯಾಗಿ ನೆನಪಿಡಬೇಕು. ಇಲ್ಲಿ ಗಮನಿಸಬೇಕಾದ್ದು ಮುಂದಿರುವ ಪುಟ್ಟ ಪದ. ‘ಎಲ್ ಲೂನೆಸ್’ ಅಂದರೆ ಬರುವ ಅಥವಾ ಹೋದ ಒಂದು ಸೋಮವಾರ. ‘ಲೊಸ್ ಲೂನೆಸ್’ ಅಂದರೆ ಸೋಮವಾರ ಸೋಮವಾರ, ಅಂದರೆ ಪ್ರತಿ ಸೋಮವಾರ. ‘ಲೊಸ್ ಲೂನೆಸ್ ನೊ ತ್ರಬಾಹೊ’, ಸೋಮವಾರ ಸೋಮವಾರ ನನಗೆ ಕೆಲಸ ಇಲ್ಲ. ‘ಸೋಮವಾರದಲ್ಲಿ’ ಅನ್ನುವಂತೆ ಮುಂದೆ ಇನ್ನೊಂದು ಪದ ಸೇರಿಸಬೇಡಿ, ಅಷ್ಟೇ ಸಾಕು.

ಇನ್ನು ‘ಯಾವಾಗಲೂ’ಯಿಂದ ‘ಎಂದೂ ಇಲ್ಲ’ದವರೆಗಿನ ಪದಗಳು. ಇವನ್ನು ಬೇಗ ಮುಗಿಸುತ್ತೇನೆ, ಯಾವ ಪುಸ್ತಕದಲ್ಲೂ ಸಿಗುತ್ತವೆ. ಸ್ಯೆಂಪ್ರೆ ಅಂದರೆ ಯಾವಾಗಲೂ. ಕಾಸಿ ಸ್ಯೆಂಪ್ರೆ ಅಂದರೆ ಹೆಚ್ಚುಕಡಿಮೆ ಯಾವಾಗಲೂ. ಆ ಮೆನೂದೊ, ಮುಚಾಸ್ ಬೆಸೆಸ್ ಅಂದರೆ ಪದೇ ಪದೇ, ಬಹಳ ಸಲ. ಆ ಬೆಸೆಸ್, ಕೆಲವು ಸಲ. ದೆ ಬೆಸ್ ಎನ್ ಕ್ವಾಂದೊ ಅಂದರೆ ಆಗೊಮ್ಮೆ ಈಗೊಮ್ಮೆ. ರಾರಾ ಬೆಸ್, ಅಪರೂಪಕ್ಕೆ. ಕೊನೆಗೆ ನುಂಕಾ. ಮೆಕ್ಸಿಕೊದಲ್ಲಿ ‘ಬಹಳ ಸಲ’ ಅನ್ನೋದಕ್ಕೆ ‘ಸೆಗೀದೊ’ ಅಂತಲೂ ಅನ್ನುತ್ತಾರೆ. ಇವು ವಾಕ್ಯದ ಮೊದಲೂ ಬರುತ್ತವೆ, ಕೊನೆಯಲ್ಲೂ ಬರುತ್ತವೆ, ಕನ್ನಡದಷ್ಟೇ ಸಲೀಸಾಗಿ. ಒಂದು ಕಡೆ ಮಾತ್ರ ಜಾಗ ಇಲ್ಲ. ‘ನಾನು ಯಾವಾಗಲೂ ಇಲ್ಲೇ ಇದ್ದೇನೆ’ ಅನ್ನಲು ‘ಸ್ಯೆಂಪ್ರೆ ಎ ಬಿಬೀದೊ ಆಕಿ’ ಅನ್ನಬೇಕು. ‘ಎ’ ಮತ್ತು ‘ಬಿಬೀದೊ’ ಎರಡರ ನಡುವೆ ‘ಸ್ಯೆಂಪ್ರೆ’ ತೂರಿಸಬಾರದು.

ನುಂಕಾ ಹತ್ತಿರ ಸ್ವಲ್ಪ ನಿಲ್ಲಬೇಕು. ಕನ್ನಡದವರಿಗೆ ತೊಡಕಾಗುವುದು ಇಲ್ಲೇ, ಅದಕ್ಕೆ ಸರಿಯಾದ ಕಾರಣವೂ ಇದೆ. ‘ನಾನು ಎಂದೂ ಮಾಂಸ ತಿನ್ನಲ್ಲ’ ಅನ್ನುತ್ತೇವೆ. ಇದರಲ್ಲಿ ‘ಎಂದೂ’ ಒಂದೇ ಇಲ್ಲ ಅನ್ನುವುದಿಲ್ಲ. ‘ಇಲ್ಲ’ದ ಅರ್ಥ ಇರುವುದು ಕ್ರಿಯಾಪದದಲ್ಲಿ. ಯಾರಾದರೂ ‘ಸಿಗರೇಟ್ ಸೇದ್ತೀರಾ?’ ಅಂತ ಕೇಳಿದರೆ ಬರೀ ‘ಎಂದೂ’ ಅಂದರೆ ಅರ್ಥವಾಗುವುದಿಲ್ಲ, ‘ಎಂದೂ ಇಲ್ಲ’ ಅನ್ನಲೇಬೇಕು. ಸ್ಪ್ಯಾನಿಷ್‌ನ ನುಂಕಾ ಹಾಗಲ್ಲ, ಅದರೊಳಗೇ ‘ಇಲ್ಲ’ ಇದೆ. ‘ನುಂಕಾ’ ಅಂತ ಒಂದೇ ಪದ ಹೇಳಿದರೆ ಉತ್ತರ ಪೂರ್ತಿ ಆಯಿತು.

ವಾಕ್ಯದಲ್ಲಿ ಅದು ಎರಡು ಥರ ಬರುತ್ತದೆ. ಕ್ರಿಯಾಪದಕ್ಕಿಂತ ಮೊದಲು ಬಂದರೆ ‘ನೊ’ ಬೇಡ: ‘ನುಂಕಾ ಕೋಮೊ ಕಾರ್ನೆ’. ನಂತರ ಬಂದರೆ ಮುಂದೆ ‘ನೊ’ ಬೇಕೇ ಬೇಕು: ‘ನೊ ಕೋಮೊ ಕಾರ್ನೆ ನುಂಕಾ’. ಎರಡರ ಅರ್ಥವೂ ಒಂದೇ. ಈ ಎರಡನೆಯದನ್ನು ನೋಡಿದರೆ ಇಂಗ್ಲಿಷ್ ಕಲಿತವರಿಗೆ ಎರಡು ‘ಇಲ್ಲ’ ಸೇರಿ ‘ಹೌದು’ ಆಗಿಬಿಡುತ್ತದಲ್ಲ ಅನ್ನುವ ಭಯ. ಶಾಲೆಯಲ್ಲಿ ಹಾಗೆ ಹೇಳಿಕೊಟ್ಟಿರುತ್ತಾರೆ. ಸ್ಪ್ಯಾನಿಷ್‌ನಲ್ಲಿ ಹಾಗಾಗುವುದಿಲ್ಲ. ಕ್ರಿಯಾಪದಕ್ಕೆ ಮೊದಲು ಒಂದು ‘ಇಲ್ಲ’ ಇರಬೇಕು, ಅದು ನೊ ಆದರೂ ಸರಿ, ನುಂಕಾ ಆದರೂ ಸರಿ. ಇಷ್ಟೇ ನಿಯಮ. ನಮ್ಮವರು ಸಾಮಾನ್ಯವಾಗಿ ಹೇಳಿಬಿಡುವುದು ‘ನುಂಕಾ ನೊ ಕೋಮೊ’ ಅಂತ, ‘ಎಂದೂ ತಿನ್ನಲ್ಲ’ವನ್ನು ಹಾಗೇ ಎತ್ತಿಟ್ಟ ಹಾಗೆ. ಅದೊಂದನ್ನು ಬಿಟ್ಟರೆ ಸಾಕು.

ಇದೇ ದಾರಿಯಲ್ಲಿ ಇನ್ನೊಂದು ಚೆಂದದ ಮಾತಿದೆ: ‘ಎನ್ ಮಿ ಬೀದಾ’. ಪದಕ್ಕೆ ಪದ ಇಟ್ಟರೆ ‘ನನ್ನ ಜೀವನದಲ್ಲಿ’. ಆದರೆ ವಾಕ್ಯದ ಮೊದಲು ಬಂದರೆ ಅದೇ ‘ಎಂದೂ ಇಲ್ಲ’ ಆಗುತ್ತದೆ. ‘ಎನ್ ಮಿ ಬೀದಾ ಎ ಬಿಸ್ತೊ ತಾಲ್ ಕೋಸಾ’, ನನ್ನ ಜೀವಮಾನದಲ್ಲೇ ಇಂಥದ್ದು ನೋಡಿಲ್ಲ. ‘ನೊ’ ಎಲ್ಲೂ ಇಲ್ಲ, ಆದರೂ ‘ಇಲ್ಲ’ ಇದೆ.

ಈಗ ‘ಸೊಲೆರ್’ ಅನ್ನುವ ಕ್ರಿಯಾಪದ. ನನ್ನ ಪ್ರಕಾರ ಈ ವಿಷಯದಲ್ಲಿ ಕಲಿಯಲೇಬೇಕಾದ್ದು ಇದು. ಆದರೂ ಕಲಿಯುವವರು ಇದನ್ನು ಬಳಸದೆ ‘ನೊರ್ಮಾಲ್‌ಮೆಂತೆ’ ಅನ್ನುತ್ತಾ ಎಲ್ಲಾ ಕಡೆ ಅದನ್ನೇ ಅಂಟಿಸುತ್ತಾರೆ. ಇಂಗ್ಲಿಷಿನಲ್ಲಿ ಇವತ್ತಿನ ರೂಢಿಗೆ ಇಂಥ ಕ್ರಿಯಾಪದ ಬಳಕೆಯಲ್ಲಿಲ್ಲ, ಅದಕ್ಕೆ ಇದು ನೆನಪಿಗೆ ಬರುವುದಿಲ್ಲ. ಕನ್ನಡದಲ್ಲಿ ಇದೆ. ‘ಭಾನುವಾರ ಬೆಳಿಗ್ಗೆ ಇಡ್ಲಿ ತಿಂತಾ ಇರ್ತೀನಿ’ ಅನ್ನುತ್ತೇವಲ್ಲ, ಆ ‘ಇರ್ತೀನಿ’ ಮಾಡುವ ಕೆಲಸ ಸೊಲೆರ್ ಮಾಡುತ್ತದೆ. ‘ಲೊಸ್ ದೊಮಿಂಗೊಸ್ ಸ್ವೆಲೊ ದೆಸಾಯುನಾರ್ ಇಡ್ಲಿ’. ಸ್ವೆಲೊ ಅಂದರೆ ನನಗೆ ರೂಢಿ. ಸ್ವೆಲೆಸ್, ನಿನಗೆ. ಸ್ವೆಲೆ, ಅವರಿಗೆ. ‘ನಾವು’ ಬಂದಾಗ ‘ಸ್ವೆ’ ಹೋಗಿ ‘ಸೊಲೆಮೊಸ್’ ಆಗುತ್ತದೆ. ಅದರ ಹಿಂದೆ ಮುಖ್ಯ ಕ್ರಿಯಾಪದವನ್ನು ಮೂಲ ರೂಪದಲ್ಲೇ ಇಟ್ಟರೆ ಆಯಿತು, ಅದನ್ನು ಬದಲಾಯಿಸುವ ತಾಪತ್ರಯವೂ ಇಲ್ಲ.

ಮನುಷ್ಯರಿಗೆ ಮಾತ್ರ ಅಲ್ಲ, ಮಳೆಗೂ ಇದನ್ನು ಹೇಳಬಹುದು. ‘ಎನ್ ಮಾಯೊ ಸ್ವೆಲೆ ಯೊಬೆರ್ ಪೊರ್ ಲಾ ತಾರ್ದೆ’, ಮೇ ತಿಂಗಳಲ್ಲಿ ಸಂಜೆ ಮಳೆ ಬರ್ತಾ ಇರುತ್ತೆ. ನಮ್ಮ ಊರಿಗೇ ಮಾಡಿಸಿದ ವಾಕ್ಯ.

‘ಹೋಗುವುದುಂಟು’ ಅನ್ನುವ ರೂಪವೂ ಕನ್ನಡದಲ್ಲಿದೆ, ಅದೂ ಇದಕ್ಕೆ ಹತ್ತಿರ. ಆದರೆ ತೂಕ ಬೇರೆ. ‘ಹೋಗುವುದುಂಟು’ ಅಂದರೆ ಕೆಲವೊಮ್ಮೆ ಹೋಗುತ್ತೇನೆ, ಇಲ್ಲವೇ ಇಲ್ಲ ಅಂತೇನಿಲ್ಲ ಅನ್ನುವ ಅರ್ಥ ಬರುತ್ತದೆ. ‘ಸ್ವೆಲೊ ಇರ್’ ಅಂದರೆ ಹೆಚ್ಚಾಗಿ ಹೋಗುತ್ತೇನೆ. ಅದಕ್ಕೇ ನಾನು ‘ಇರ್ತೀನಿ’ಗೇ ಅಂಟಿಕೊಳ್ಳುತ್ತೇನೆ. ಹಿಂದಿನ ಕಾಲಕ್ಕೆ ‘ಸೊಲೀಯಾ’ ಇದೆ. ಮುಂದಿನ ಕಾಲದಲ್ಲಿ ಸೊಲೆರ್ ಬಳಸುವುದಿಲ್ಲ, ನಾಳೆಯ ರೂಢಿಯನ್ನು ಇವತ್ತೇ ಹೇಳಲು ಆಗುವುದಿಲ್ಲವಲ್ಲ. ಇದರ ಲ್ಯಾಟಿನ್ ಬೇರಿನಿಂದಲೇ ‘ಇನ್‌ಸೋಲಿತೊ’ ಅನ್ನುವ ಪದವೂ ಬಂದಿದೆ. ರೂಢಿಯಲ್ಲಿಲ್ಲದ್ದು, ಎಲ್ಲೂ ಕಾಣದ್ದು ಅಂತ ಅರ್ಥ. ಸುದ್ದಿಯ ತಲೆಬರಹಗಳಲ್ಲಿ ಇದನ್ನು ನೋಡಬಹುದು.

ನನಗೆ ಜಾಸ್ತಿ ಹೇಳಬೇಕಾಗಿರುವುದು ಹಿಂದಿನ ಕಾಲದ ಬಗ್ಗೆ. ಸ್ಪ್ಯಾನಿಷ್ ಕಲಿಯುವ ಇಂಗ್ಲಿಷ್‌ನವರು ವರ್ಷಗಟ್ಟಲೆ ಒದ್ದಾಡುವ ಜಾಗ ಇದು. ‘ಹೋದೆ’ ಅನ್ನಲು ‘ಫ್ವಿ’. ‘ಹೋಗುತ್ತಿದ್ದೆ’ ಅನ್ನಲು ‘ಈಬಾ’. ಇಂಗ್ಲಿಷಿನಲ್ಲಿ ‘ದಿನಾ ಹೋಗುತ್ತಿದ್ದೆ’ ಮತ್ತು ‘ನಿನ್ನೆ ಹೋದೆ’ ಎರಡನ್ನೂ ಒಂದೇ ಕ್ರಿಯಾರೂಪದಲ್ಲಿ ಹೇಳಬಹುದು. ಹಾಗಾಗಿ ಅವರು ಪ್ರತಿ ವಾಕ್ಯದಲ್ಲೂ ನಿಂತು ಯೋಚಿಸಬೇಕು. ನಾವು ಎಂದಾದರೂ ಯೋಚಿಸುತ್ತೇವಾ? ‘ಚಿಕ್ಕವರಿದ್ದಾಗ ಪ್ರತಿ ಭಾನುವಾರ ಲಾಲ್‌ಬಾಗಿಗೆ ಹೋಗುತ್ತಿದ್ದೆವು.’ ಇಲ್ಲಿ ‘ಹೋದೆವು’ ಅಂತ ಯಾವ ಕನ್ನಡಿಗನ ಬಾಯಲ್ಲೂ ಬರುವುದಿಲ್ಲ. ‘ಹೋಗುತ್ತಿದ್ದೆವು’ ಬಂತಲ್ಲ, ಹಾಗಾದರೆ ‘ಈಬಾಮೊಸ್’. ‘ದೆ ನಿನ್ಯೊಸ್ ಈಬಾಮೊಸ್ ಆ ಲಾಲ್‌ಬಾಗ್ ತೊದೊಸ್ ಲೊಸ್ ದೊಮಿಂಗೊಸ್’. ‘ಹೋದ ವರ್ಷ ಮೂರು ಸಲ ಹೋದೆ.’ ಇಲ್ಲಿ ‘ಹೋದೆ’, ಹಾಗಾದರೆ ‘ಫ್ವಿ’. ‘ಎಲ್ ಆನ್ಯೊ ಪಸಾದೊ ಫ್ವಿ ತ್ರೆಸ್ ಬೆಸೆಸ್’.

ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ‘ನಾನು ಆಫೀಸಿಗೆ ಹೋಗುತ್ತಿದ್ದೆ, ಅಷ್ಟರಲ್ಲಿ ಮಳೆ ಬಂತು’ ಅಂತಲೂ ಅನ್ನುತ್ತೇವೆ. ಇದು ರೂಢಿಯಲ್ಲ, ನಡುದಾರಿಯಲ್ಲಿ ಇದ್ದದ್ದು. ಆದರೂ ‘ಹೋಗುತ್ತಿದ್ದೆ’ಯೇ. ಸ್ಪ್ಯಾನಿಷ್‌ನಲ್ಲೂ ಅಲ್ಲಿ ‘ಈಬಾ’ವೇ. ರೂಢಿಗೂ ನಡೆಯುತ್ತಿದ್ದ ಕೆಲಸಕ್ಕೂ ಎರಡು ಭಾಷೆಯಲ್ಲೂ ಒಂದೇ ರೂಪ ಸಾಕು.

ಪುಸ್ತಕಗಳು ಕೊಡುವ ಒಂದು ಸೂತ್ರವಿದೆ. ‘ತೊದೊಸ್ ಲೊಸ್ ದೀಯಾಸ್’, ಅಂದರೆ ‘ದಿನಾ’, ಕಂಡರೆ ‘ಈಬಾ’ ರೂಪ ಹಾಕಿ ಅಂತ. ದಯವಿಟ್ಟು ಅದನ್ನು ಪೂರ್ತಿ ನಂಬಬೇಡಿ. ‘ಆ ತಿಂಗಳು ಪೂರ್ತಿ ದಿನಾ ಹೋದೆ’ ಅಂತ ಕನ್ನಡದಲ್ಲಿ ಹೇಳಬಹುದಲ್ಲವೇ? ತಿಂಗಳು ಮುಗಿಯಿತು, ಲೆಕ್ಕ ಮುಚ್ಚಿತು, ಅದಕ್ಕೆ ‘ಹೋದೆ’. ಸ್ಪ್ಯಾನಿಷ್‌ನಲ್ಲೂ ಅಲ್ಲಿ ‘ಫ್ವಿ ತೊದೊಸ್ ಲೊಸ್ ದೀಯಾಸ್’ ಅನ್ನುತ್ತಾರೆ. ಸೂತ್ರ ಕಂಠಪಾಠ ಮಾಡಿದವರು ಇಲ್ಲಿ ತಪ್ಪುತ್ತಾರೆ. ಕನ್ನಡದ ವಾಕ್ಯವನ್ನು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಂಡವರು ಸಾಮಾನ್ಯವಾಗಿ ತಪ್ಪುವುದಿಲ್ಲ. ‘ಈಬಾ’ ಥರದ ರೂಪ ಕಲಿಯುವುದೂ ಕಷ್ಟವಲ್ಲ. ಇಡೀ ಭಾಷೆಯಲ್ಲಿ ಈ ಕಾಲಕ್ಕೆ ನಿಯಮ ಮೀರುವ ಕ್ರಿಯಾಪದಗಳು ಮೂರೇ: ಸೆರ್, ಇರ್, ಬೆರ್. ಇರು, ಹೋಗು, ನೋಡು.

ಗಾದೆಯ ಹಾಗಿರುವ ಕೆಲವು ಮಾತು ಹೇಳಲೇಬೇಕು. ಅಪರೂಪಕ್ಕೆ ಬರುವ ನೆಂಟರನ್ನು ‘ಹುಣ್ಣಿಮೆಗೊಂದ್ಸಲ ಅಮಾವಾಸ್ಯೆಗೊಂದ್ಸಲ ಬರ್ತಾರೆ’ ಅನ್ನುತ್ತೇವೆ. ಸ್ಪೇನಿನವರು ‘ದೆ ಪಾಸ್ಕ್ವಾಸ್ ಆ ರಾಮೊಸ್’ ಅನ್ನುತ್ತಾರೆ, ಈಸ್ಟರ್‌ನಿಂದ ಗರಿಗಳ ಭಾನುವಾರದವರೆಗೆ. ಗರಿಗಳ ಭಾನುವಾರ ಬರುವುದು ಈಸ್ಟರ್‌ಗೆ ಒಂದು ವಾರ ಮೊದಲು. ಹಾಗಾಗಿ ಈ ಈಸ್ಟರ್ ಮುಗಿದ ಮೇಲೆ ಮುಂದಿನ ಗರಿಗಳ ಭಾನುವಾರ ಬರಲು ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕು. ನಾವೂ ಪಂಚಾಂಗ ನೋಡಿಯೇ ಹೇಳುತ್ತೇವೆ, ಅವರೂ ಅಷ್ಟೇ. ಇನ್ನೊಂದು ‘ದೆ ಈಗೊಸ್ ಆ ಬ್ರೆಬಾಸ್’. ಕೆಲವು ಅಂಜೂರದ ಮರಗಳು ವರ್ಷಕ್ಕೆ ಎರಡು ಫಸಲು ಕೊಡುತ್ತವೆ. ಬೇಸಿಗೆಯ ಶುರುವಿನದ್ದು ಬ್ರೆಬಾ, ಬೇಸಿಗೆಯ ಕೊನೆಯದ್ದು ಈಗೊ. ಈಗೊ ಮುಗಿದ ಮೇಲೆ ಬ್ರೆಬಾ ಬರಲು ಚಳಿಗಾಲ ಪೂರ್ತಿ ಕಳೆಯಬೇಕು. ಲ್ಯಾಟಿನ್ ಅಮೆರಿಕದಲ್ಲಿ ‘ಕಾದಾ ಮ್ವೆರ್ತೆ ದೆ ಒಬೀಸ್ಪೊ’ ಅನ್ನುತ್ತಾರೆ, ಬಿಷಪ್ ಒಬ್ಬರು ತೀರಿಕೊಂಡಾಗಲೊಮ್ಮೆ. ಇವುಗಳ ಎದುರು ನಿಲ್ಲುವುದು ‘ಕಾದಾ ದೊಸ್ ಪೊರ್ ತ್ರೆಸ್’, ಮಾತೆತ್ತಿದರೆ, ಗಳಿಗೆಗೊಮ್ಮೆ ಅಂತ. ‘ಕಾದಾ ದೊಸ್ ಪೊರ್ ತ್ರೆಸ್ ಸೆ ಬಾ ಲಾ ಲುಸ್’, ಗಳಿಗೆಗೊಮ್ಮೆ ಕರೆಂಟ್ ಹೋಗುತ್ತೆ. ಅವರ ಕರೆಂಟೂ ‘ಹೋಗುತ್ತದೆ’ ಅನ್ನೋದನ್ನು ಗಮನಿಸಿ.

ಮಾತು ಮುಗಿದ ಮೇಲೆ ಕೆಲವರು ಕೇಳಿದ ಪ್ರಶ್ನೆಗಳನ್ನೂ ಸೇರಿಸುತ್ತೇನೆ. ‘ಕಾದಾ ದೀಯಾ’ ಮತ್ತು ‘ತೊದೊಸ್ ಲೊಸ್ ದೀಯಾಸ್’ ಒಂದೇನಾ ಅಂತ ಒಬ್ಬರು ಕೇಳಿದರು. ಬಹಳ ಕಡೆ ಒಂದೇ. ಆದರೆ ಒಂದೊಂದು ದಿನವನ್ನೂ ಬೇರೆಯಾಗಿ ನೋಡುವಾಗ ‘ಕಾದಾ’ ಬೇಕು. ‘ಒಂದೊಂದು ದಿನ ಒಂದೊಂದು ಹೊತ್ತಿಗೆ ಬರ್ತಾನೆ’ ಅನ್ನಲು ‘ಕಾದಾ ದೀಯಾ’ ಸರಿ. ರೂಢಿ ಹೇಳಲು ‘ತೊದೊಸ್ ಲೊಸ್ ದೀಯಾಸ್’ ಬಳಸಿ.

ಮೆಕ್ಸಿಕೊದ ತಂಡದ ಜೊತೆ ಕೆಲಸ ಮಾಡುವ ಒಬ್ಬರು, ಅಲ್ಲಿಯವರು ‘ಸ್ಯೆಂಪ್ರೆ ನೊ ಬೋಯ್’ ಅಂತ ಬರೆದಾಗ ‘ಯಾವಾಗಲೂ ಬರಲ್ಲ’ ಅಂತಾನಾ ಅಂತ ಕೇಳಿದರು. ಅಲ್ಲ. ಮೆಕ್ಸಿಕೊದಲ್ಲಿ ಅದಕ್ಕೆ ‘ಬರ್ತೀನಿ ಅಂದಿದ್ದೆ, ಆದರೆ ಈಗ ಬರೋದಿಲ್ಲ’ ಅಂತ ಅರ್ಥ. ಅಲ್ಲಿ ‘ಸ್ಯೆಂಪ್ರೆ’ ಎಷ್ಟು ಸಲ ಅನ್ನೋದನ್ನು ಹೇಳುತ್ತಿಲ್ಲ, ಕೊನೆಯ ತೀರ್ಮಾನ ಹೇಳುತ್ತಿದೆ. ಇದನ್ನು ತಿಳಿಯದೆ ಮೀಟಿಂಗಿಗೆ ಕಾಯುತ್ತಾ ಕೂರಬಾರದು.

ಮನೆಯಲ್ಲಿ ಹೇಗೆ ಅಭ್ಯಾಸ ಮಾಡಬೇಕು ಅನ್ನೋದು ಕೊನೆಯ ಪ್ರಶ್ನೆ. ನಿಮ್ಮದೇ ವಾರವನ್ನು ಬರೆಯಿರಿ. ಮೊದಲು ಕನ್ನಡದಲ್ಲಿ, ಮನೆಯಲ್ಲಿ ಮಾತಾಡುವ ಹಾಗೆಯೇ. ದಿನಕ್ಕೆ ಎರಡು ಸಲ ಕಾಫಿ ಕುಡೀತೀನಿ. ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗ್ತೀನಿ. ಶನಿವಾರ ಶನಿವಾರ ಬಟ್ಟೆ ಒಗೀತಾ ಇರ್ತೀನಿ. ಮೊದಲು ದಿನಾ ಓಡ್ತಿದ್ದೆ, ಹೋದ ತಿಂಗಳು ಎರಡೇ ಸಲ ಓಡಿದೆ. ಮಾವಿನಹಣ್ಣು ಯಾವತ್ತೂ ಬೇಡ ಅನ್ನಲ್ಲ. ಪ್ರತಿ ಸಾಲಿನ ಕೆಳಗೆ ಸ್ಪ್ಯಾನಿಷ್ ಬರೆಯಿರಿ. ಕೊನೆಯ ಸಾಲಿನಲ್ಲಿ ನುಂಕಾ ಎಲ್ಲಿ ಕೂರುತ್ತದೆ, ನೊ ಬೇಕಾ ಬೇಡವಾ ನೋಡಿಕೊಳ್ಳಿ. ಮುಂದಿನ ಸಭೆಗೆ ಬರುವವರು ಇಂಥ ಹತ್ತು ಜೋಡಿ ಸಾಲು ಬರೆದು ತನ್ನಿ, ಕೂತು ಒಟ್ಟಿಗೆ ಓದೋಣ.